ಅಕ್ಕಾತಾಯಿಯ ಗಡೀಪಾರು ಮತ್ತು ನನ್ನ ಹಲಗೆ

ಹೋದ ವಾರ ನಮ್ಮ ಮೊಮ್ಮಗಳು ಪ್ರಜ್ಞಾಳ ಕೈಗೆ ನೌಕರಿಯ ಆದೇಶ ಬಂತು. ರಾಯಬಾಗ ತಾಲೂಕಿನ ಒಂದು ಊರಿಗೆ ಗ್ರಾಮ ಆಡಳಿತಾಧಿಕಾರಿ. ನಮ್ಮ ಕಾಲದಲ್ಲಿ ತಲಾಠಿ ಎನ್ನುತ್ತಿದ್ದ ಹುದ್ದೆಯೇ ಅದು. ತಲಾಠಿಯವರ ದಫ್ತರದ ಗಂಟನ್ನು ತಲೆಯ ಮೇಲೆ ಹೊತ್ತು ಅವರ ಹಿಂದೆ ಹಿಂದೆ ನಡೆದವನು ನಾನು. ಈಗ ನನ್ನ ಮೊಮ್ಮಗಳೇ ತಲಾಠಿ! ಇದನ್ನು ಬರೆಯುವಾಗಲೂ ತುಟಿ ಕೂಡಿಸಿಟ್ಟುಕೊಳ್ಳಲು ಆಗುತ್ತಿಲ್ಲ. ಪೇಢೆ ಸಾಲದೆ ಎರಡನೆಯ ಸಲ ನಿಪ್ಪಾಣಿಗೆ ಹೋಗಿ ತಂದೆ. ಬಸ್ಸಿನ ಕಂಡಕ್ಟರನ ಕೈಗೂ ಒಂದು ಇಟ್ಟೆ.

"ಯಾರ ಲಗ್ನರೀ ಕಾಕಾ?" ಅಂದ.

"ಲಗ್ನ ಎಲ್ಲಾರ ಮನ್ಯಾಗೂ ಆಗ್ತಾವೋ ತಮ್ಮಾ. ಇದು ನಮ್ಮ ಮನ್ಯಾಗ ಮೊದಲನೇ ಸಲ," ಅಂದೆ. ಅವನು ಇನ್ನೊಂದು ಕೇಳಿ ಇಸಿದುಕೊಂಡ.

ನಾನು ನಮ್ಮೂರಿನ ವಾಲೀಕಾರನಾಗಿದ್ದವನು. ಹೊಸ ಹೆಸರು ಗ್ರಾಮ ಸಹಾಯಕ. ನಿವೃತ್ತಿಯಾಗಿ ಕೆಲವು ವರ್ಷಗಳಾದವು. ಓದಿದ್ದು ನಾಲ್ಕನೆಯ ಇಯತ್ತೆ. ಪ್ರಜ್ಞಾಳ ಜೊತೆ ತರಬೇತಿಗೆ ಹೋಗುವ ಹುಡುಗ ಹುಡುಗಿಯರು, "ನಿಮ್ಮ ಅಜ್ಜ ಹೇಳುವ ಕತೆಗಳನ್ನು ಬರೆಸಿಕೊಂಡು ಬಾ" ಎಂದು ಗಂಟುಬಿದ್ದಿದ್ದಾರಂತೆ. ನಾನು ಬರೆದದ್ದನ್ನು ಅವಳು ತಿದ್ದಿ ಶುದ್ಧ ಮಾಡಿದ್ದಾಳೆ. ಆದರೆ ಜನ ಆಡಿದ ಮಾತನ್ನು ಮಾತ್ರ ಮುಟ್ಟಬೇಡ ಎಂದು ಹೇಳಿದ್ದೇನೆ. ಆಡಿದವರಲ್ಲಿ ಕೆಲವರು ಇನ್ನೂ ಇದ್ದಾರೆ. ಬಂದು ಜಗಳ ತೆಗೆದಾರು.

ವಾಲೀಕಾರನ ಕೆಲಸ ಇಂಥದ್ದೇ ಎಂದು ಹೇಳಲು ಬರುವುದಿಲ್ಲ. ನೋಟಿಸು ಮುಟ್ಟಿಸಬೇಕು. ಸಾಹೇಬರು ಬಂದರೆ ಗಡಿಕಲ್ಲು ತೋರಿಸಬೇಕು. ಹಳ್ಳದಲ್ಲಿ ಹೆಣ ತೇಲಿಬಂದರೆ ಪೊಲೀಸರು ಬರುವ ತನಕ ಕಾಯಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ ಚರ್ಮದ ಹಲಗೆ ಬಾರಿಸುತ್ತ ಡಂಗುರ ಹೊಡೆಯಬೇಕು. ನಮ್ಮೂರು ನಿಪ್ಪಾಣಿಯ ಆಚೆ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡದ್ದು. ಅರ್ಧ ಊರು ಮನೆಯಲ್ಲಿ ಕನ್ನಡ ಮಾತಾಡುತ್ತದೆ, ಅರ್ಧ ಊರು ಮರಾಠಿ, ಜಗಳಕ್ಕೆ ಮಾತ್ರ ಎಲ್ಲರಿಗೂ ಎರಡೂ ಬರುತ್ತವೆ. ಅದಕ್ಕೇ ನಮ್ಮ ತಹಶೀಲ್ದಾರರು ಒಂದು ನಿಯಮ ಮಾಡಿದ್ದರು. ಡಂಗುರವನ್ನು ಮೊದಲು ಕನ್ನಡದಲ್ಲಿ ಹೇಳಬೇಕು, ಅಲ್ಲೇ ನಿಂತು ಮರಾಠಿಯಲ್ಲೂ ಹೇಳಬೇಕು. ಎರಡರಲ್ಲೂ ಹೇಳದಿದ್ದರೆ ಅದು ಡಂಗುರವೇ ಅಲ್ಲ. "ಕೇಳ್ರಪ್ಪೋ ಕೇಳ್ರಿ" ಮುಗಿದ ಕೂಡಲೇ "ಐಕಾ ಹೋ ಐಕಾ". ಮಧ್ಯೆ ಒಂದು ಉಸಿರು.

ನಾನು ಹೇಳಹೊರಟಿರುವುದು ಅಕ್ಕಾತಾಯಿಯ ಸಂಗತಿ. ನಮ್ಮ ಊರಿನ ಹೆಂಗಸರಲ್ಲಿ ಬಹಳ ಮಂದಿ ನಿಪ್ಪಾಣಿಯ ತಂಬಾಕಿನ ವಖಾರಿಗೆ ಕೆಲಸಕ್ಕೆ ಹೋಗುತ್ತಿದ್ದರು. ಬಾಗಿಲು ಹಾಕಿಕೊಂಡು ತಂಬಾಕನ್ನು ಜರಡಿ ಹಿಡಿಯುವ ಉಗ್ರಾಣ ಅದು. ಒಳಗೆ ಹೋದವರು ಸಂಜೆ ಹೊರಗೆ ಬಂದರೆ ಅರ್ಧ ತಾಸು ಸೀನುವುದೇ ಕೆಲಸ. ನನ್ನ ಹೆಂಡತಿ ರುಕ್ಮವ್ವನೂ ಅಲ್ಲೇ ದುಡಿಯುತ್ತಿದ್ದಳು. ಅವರ ಮುಂದಾಳು ಅಕ್ಕಾತಾಯಿ. ಗಂಡನಿಲ್ಲದ ಹೆಂಗಸು, ಒಬ್ಬಳೇ ಮಗಳು. ದನಿ ಮಾತ್ರ ನನ್ನ ಹಲಗೆಗಿಂತ ಜೋರು. ಕುಡಿಯಲು ನೀರು, ಕೂಸುಗಳನ್ನು ಮಲಗಿಸಲು ಧೂಳಿಲ್ಲದ ಒಂದು ಜಾಗ, ಬೀದಿ ದಾಟಿ ಹೊಲಕ್ಕೆ ಓಡುವ ಬದಲು ಒಂದು ಸಂಡಾಸು, ಮತ್ತು ತಕ್ಕ ಪಗಾರ. ಇಷ್ಟನ್ನು ಕೇಳಿ ಹೆಂಗಸರು ವಖಾರಿಯ ಮುಂದೆ ಕುಳಿತರು. ವಖಾರಿಯ ಧಣಿಗಳು ಆಗ ಆಳುವ ಪಕ್ಷದವರಿಗೆ ಬೇಕಾದವರು. ಮರುದಿನವೇ ನನಗೆ ಕರೆ ಬಂತು. ನಿಷೇಧಾಜ್ಞೆ ಸಾರಬೇಕು.

ನಾನು ಆ ಆಜ್ಞೆಯನ್ನು ಸಾರುತ್ತಿದ್ದುದು ಅದೇ ಮೊದಲು. ಊರ ನಡುವೆ ನಿಂತು ಹಲಗೆ ಬಾರಿಸಿದೆ. "ಕೇಳ್ರಪ್ಪೋ ಕೇಳ್ರಿ! ಇವತ್ತಿಂದ ಐದ್ ಮಂದೀಕಿಂತ ಹೆಚ್ಚ ಮಂದಿ ಎಲ್ಲೂ ಕೂಡಬಾರ್ದು!" ಹಲಗೆಯ ಸಪ್ಪಳ ಕೇಳಿದ ಮೇಲೆ ಜನ ಮನೆಯಲ್ಲಿ ಕೂಡುತ್ತಾರೆಯೇ? ನಾನು ಮರಾಠಿಗೆ ಬರುವಷ್ಟರಲ್ಲಿ ಊರಿಗೆ ಊರೇ ನನ್ನ ಸುತ್ತ ಕೂಡಿತ್ತು. ಅಷ್ಟರಲ್ಲಿ ಪೊಲೀಸ್ ಫೌಜದಾರರ ಜೀಪು ಬಂತು. ಹೊಸ ಫೌಜದಾರರು, ಬಿಸಿರಕ್ತ.

"ಏನೋ ಇದು? ಯಾರೋ ಈ ಗುಂಪು ಕೂಡಿಸಿದ್ದು?"

ಜನ ಎಲ್ಲ ನನ್ನ ಕಡೆ ಕೈ ತೋರಿಸಿದರು.

"ಇವನನ್ನೇ ಮೊದಲು ಹತ್ತಿಸ್ರೀ!" ಅಂದರು. ಹವಾಲ್ದಾರ ಇಮಾಮಸಾಬರು ನನ್ನನ್ನು ಹಲಗೆಯ ಸಮೇತ ಜೀಪಿನಲ್ಲಿ ಕೂಡ್ರಿಸಿದರು. ಅವರು ಕುಡಚಿ ಕಡೆಯವರು, ಬಹಳ ಶಾಂತ ಮನುಷ್ಯ. ದಾರಿಯಲ್ಲಿ ಮೆಲ್ಲಗೆ, "ಸಾಹೇಬ್ರ, ಇಂವ ಸರ್ಕಾರದ ಡಂಗುರದಂವ ರೀ. ಇವನ್ನ ಹಿಡದ್ರ ಆರ್ಡರ್ ಯಾರ ಸಾರಬೇಕ್ರಿ?" ಅಂದರು. ಫೌಜದಾರರು ಹಳ್ಳದ ಹತ್ತಿರ ಜೀಪು ನಿಲ್ಲಿಸಿ ನನ್ನನ್ನು ಇಳಿಸಿದರು. ಆಮೇಲೆ ನಾನು ನಡೆಯುತ್ತಲೇ ಸಾರುವ ರೂಢಿ ಮಾಡಿಕೊಂಡೆ. ಜನ ಕೂಡುವ ಮೊದಲೇ ಮುಂದಿನ ಓಣಿ.

ಮನೆಗೆ ಬಂದರೆ ರುಕ್ಮವ್ವ ಬಾಗಿಲಲ್ಲೇ ನಿಂತಿದ್ದಳು.

"ನೀ, ನಾ, ನಿಮ್ಮವ್ವ, ಮೂರು ಮಕ್ಕಳು. ಮನ್ಯಾಗ ಆರ್ ಮಂದಿ ಆಗ್ತೀವಿ. ಒಬ್ರು ಹೊರಗ ಮಲಗಬೇಕ ನೋಡು, ಆರ್ಡರ್ ಐತಿ."

ಯಾರು ಹೊರಗೆ ಮಲಗಿದರೆಂದು ಬೇರೆ ಹೇಳಬೇಕಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಆ ಆಜ್ಞೆ ಯಾವಾಗಲೂ ಕೆಟ್ಟದ್ದೇ ಆಗಿರುತ್ತಿರಲಿಲ್ಲ. ಗಡಿಯ ಗಲಾಟೆ ಎದ್ದು ಈ ಕಡೆಯ ಬಸ್ಸಿಗೆ ಆ ಕಡೆಯವರು, ಆ ಕಡೆಯ ಬಸ್ಸಿಗೆ ಈ ಕಡೆಯವರು ಕಲ್ಲು ತೂರುತ್ತಿದ್ದ ದಿನಗಳಲ್ಲಿ ಅದೇ ಆಜ್ಞೆ ನಮ್ಮ ಹುಡುಗರ ತಲೆ ಉಳಿಸಿದೆ. ಆಗ ಮನಸ್ಸು ಬಿಚ್ಚಿ ಸಾರಿದ್ದೇನೆ. ಆದರೆ ಕಲ್ಲು ಹಿಡಿದವರಿಗೂ ನೀರು ಕೇಳಿದವರಿಗೂ ಕಾಗದದಲ್ಲಿ ಇರುತ್ತಿದ್ದದ್ದು ಒಂದೇ ಸಾಲು: "ಶಾಂತಿ ಭಂಗವಾಗುವ ಸಂಭವವಿರುವುದರಿಂದ." ನೌಕರಿ ಪೂರ್ತಿ ಆ ಸಾಲನ್ನು ಕೂಗಿದ್ದೇನೆ. ಯಾರ ಶಾಂತಿ ಎಂದು ಕಾಗದವೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿಷೇಧಾಜ್ಞೆಯಿಂದ ಹೆಂಗಸರು ಬೆದರಲಿಲ್ಲ. ನಾಲ್ಕು ನಾಲ್ಕು ಮಂದಿಯಾಗಿ, ನಡುವೆ ಒಂದು ಎಮ್ಮೆ ಹಾಯುವಷ್ಟು ಜಾಗ ಬಿಟ್ಟು ಕುಳಿತರು. ಆಗ ಅಕ್ಕಾತಾಯಿಯ ಮೇಲೆ ಚಾಪ್ಟರ್ ಕೇಸು ಹಾಕಿದರು. ಚಾಪ್ಟರ್ ಕೇಸು ಎಂದರೆ ತಪ್ಪು ಮಾಡಿದ್ದಕ್ಕಲ್ಲ, ಮುಂದೆ ಮಾಡಬಹುದು ಎಂಬುದಕ್ಕೆ. ತಹಶೀಲ್ದಾರರ ಮುಂದೆ ನಿಂತು, ಶಾಂತಿಯಿಂದ ಇರುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಆಗ ನಿಪ್ಪಾಣಿ ಬೇರೆ ತಾಲೂಕು ಆಗಿರಲಿಲ್ಲ, ಚಿಕ್ಕೋಡಿಗೇ ಹೋಗಬೇಕು. ನೋಟಿಸು ಮುಟ್ಟಿಸಿದವನು ನಾನಾದ್ದರಿಂದ ನಾನೂ ಹೋಗಿದ್ದೆ.

ತಹಶೀಲ್ದಾರರು ಹೇಳಿದರು: "ನೋಡವಾ, ಶಾಂತಿ ಭಂಗ ಮಾಡೂದಿಲ್ಲ ಅಂತ ಸಹಿ ಮಾಡು, ಮನಿಗೆ ಹೋಗು."

"ಮಾಡೇ ಇಲ್ಲರಿ ಸಾಹೇಬ್ರ. ಇನ್ನ ಮ್ಯಾಲ ಮಾಡೂದಿಲ್ಲ ಅಂತ ಹೆಂಗ ಬರ್ಕೊಡ್ಲಿ? ಹೆಂಡ್ತಿನ್ನ ಬಡಿಯೂದಿಲ್ಲ ಅಂತ ಬರ್ಕೊಡ್ರಿ ಅಂದ್ರ ನೀವ ಬರ್ಕೊಡ್ತೀರೇನ್ರಿ?"

ಕಚೇರಿಯಲ್ಲಿ ನಗು ತಡೆಯಲು ಎಲ್ಲರೂ ಒಮ್ಮೆಲೇ ಕೆಮ್ಮಿದರು. ತಹಶೀಲ್ದಾರರು ನಗಲಿಲ್ಲ. ಮುಂದಿನ ತಾರೀಖು ಕೊಟ್ಟರು. ಆಮೇಲೆ ಅದರ ಮುಂದಿನ ತಾರೀಖು. ಪ್ರಜ್ಞಾ, ಇದನ್ನು ನೀನು ತಿಳಿದುಕೊಳ್ಳಬೇಕು. ಆ ಕೇಸಿನಲ್ಲಿ ಶಿಕ್ಷೆಯೇ ಇರಲಿಲ್ಲ, ತಾರೀಖೇ ಶಿಕ್ಷೆ. ಆಕೆ ಒಂದು ದಿನ ಚಿಕ್ಕೋಡಿಗೆ ಹೋದರೆ ವಖಾರಿಯ ಮುಂದೆ ಕುಳಿತವರಿಗೆ ದನಿ ಇರುತ್ತಿರಲಿಲ್ಲ.

ಅಷ್ಟರಲ್ಲಿ ತಾಲೂಕು ಪಂಚಾಯಿತಿಯ ಚುನಾವಣೆ ಬಂತು. ನಮ್ಮ ಕ್ಷೇತ್ರ ಹೆಂಗಸರಿಗೆ. ಅಕ್ಕಾತಾಯಿ, "ನಾನ ನಿಲ್ಲತೀನಿ" ಅಂದಳು. ಅಲ್ಲಿಯ ತನಕ ಅವಳು ವಖಾರಿಯವರಿಗೆ ಮಾತ್ರ ತಲೆನೋವು. ಅಂದಿನಿಂದ ಆಳುವ ಪಕ್ಷದವರಿಗೂ ಆದಳು. ನಾಮಪತ್ರ ಹಾಕುವ ಮೊದಲೇ ಚಿಕ್ಕೋಡಿಯ ಪ್ರಾಂತ ಸಾಹೇಬರ, ಅಂದರೆ ಉಪವಿಭಾಗಾಧಿಕಾರಿಗಳ, ಕಚೇರಿಯಿಂದ ಗಡೀಪಾರಿನ ಆದೇಶ ಹೊರಟಿತು. ಒಂದು ವರ್ಷ ಬೆಳಗಾವಿ ಜಿಲ್ಲೆಯಲ್ಲಿ ಕಾಲಿಡಬಾರದು. ಇಟ್ಟರೆ ಜೈಲು. ಅದನ್ನು ಸಾರಲು ಮತ್ತೆ ನಾನೇ. "ಅಕ್ಕಾತಾಯಿಗೆ ಯಾರೂ ಆಸರ ಕೊಡಬಾರ್ದು, ಅನ್ನ ನೀರು ಕೊಡಬಾರ್ದು." ಅವಳ ಮನೆಯ ಮುಂದೆ ಬಂದಾಗ ಅವಳೇ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಳು. ನಾನು ತಲೆ ತಗ್ಗಿಸಿ ಹೇಳಿ ಮುಗಿಸಿದೆ.

"ಮರಾಠಿಯಾಗ ಹೇಳೋ ಸತ್ಯಪ್ಪಾ. ಅರ್ಧಾ ಮಾಡಿ ಹೋಗಬ್ಯಾಡ," ಅಂದಳು.

ಹೇಳಿದೆ.

ಅವಳಿಗೆ ಚುನಾವಣೆ ಹೋದದ್ದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಅಥಣಿಗೆ ಕೊಟ್ಟಿದ್ದ ಮಗಳು ಸುಶೀಲಾ ಆಗಷ್ಟೇ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ತವರು ಎಂದರೆ ಅಕ್ಕಾತಾಯಿ ಒಬ್ಬಳೇ. ಅವಳು ವರ್ಷಪೂರ್ತಿ ಹೊರಗಿದ್ದರೆ ಆ ಹುಡುಗಿ ಯಾರ ಮನೆಗೆ ಬರಬೇಕು?

ಮರುದಿನ ಅವಳನ್ನು ಗಡಿ ದಾಟಿಸುವ ಕೆಲಸಕ್ಕೆ ಇಮಾಮಸಾಬರು, ಅವರ ಜೊತೆ ದಾರಿ ತೋರಿಸಲು ನಾನು. ಅವಳ ತಲೆಯ ಮೇಲೆ ಒಂದು ಗಂಟು. ಹೆಂಗಸರೆಲ್ಲ ಊರ ಬಾಗಿಲ ತನಕ ಬಂದು ನಿಂತರು. ರುಕ್ಮವ್ವ ನನ್ನ ಕಡೆ ನೋಡಿದ ನೋಟವನ್ನು ನಾನು ಬರೆಯುವುದಿಲ್ಲ.

"ಗಡಿ ಎಲ್ಲೈತೋ ಸತ್ಯಪ್ಪ?" ಇಮಾಮಸಾಬರು ಕೇಳಿದರು.

"ಹಳ್ಳದ ಆಚೀರಿ," ಅಂದೆ.

ಇದರಲ್ಲಿ ನನಗೆ ಒಂದು ಚೂರೂ ಸಂಶಯವಿರಲಿಲ್ಲ. ಯಾಕೆಂದು ಹೇಳುತ್ತೇನೆ. ನಮ್ಮಲ್ಲಿ ಆಷಾಢದಲ್ಲಿ ಊರಿನ ರೋಗರುಜಿನವನ್ನೆಲ್ಲ ಹೊತ್ತುಕೊಂಡು ಹೋಗಲಿ ಎಂದು ದೇವಿಯ ಸಣ್ಣ ಕಟ್ಟಿಗೆಯ ಗಾಡಿಯನ್ನು ಸೀಮೆ ದಾಟಿಸುತ್ತಾರೆ. ಮುಂದೆ ಹಲಗೆ ಬಾರಿಸುತ್ತ ಹೋಗುವುದು ನಮ್ಮ ಮನೆತನದ ಪಾಲಿನ ಕೆಲಸ. ನನ್ನ ಅಪ್ಪ, ಅವರಪ್ಪ ಎಲ್ಲರೂ ಹಳ್ಳ ದಾಟಿ ಬನ್ನಿಗಿಡದ ಬುಡದಲ್ಲಿ ಗಾಡಿಯನ್ನು ಬಿಟ್ಟು, ಮೂರು ಸಲ ಹಲಗೆ ಬಡಿದು, ಹಿಂದೆ ತಿರುಗಿ ನೋಡದೆ ಬರುತ್ತಿದ್ದರು. ಹಿಂದೆ ನೋಡಿದರೆ ರೋಗ ಹಿಂಬಾಲಿಸುತ್ತದೆ ಎಂಬ ನಂಬಿಕೆ. ಹಳ್ಳದಾಚೆಯ ಹೊಲಗಳನ್ನು ಮಾಡುತ್ತಿದ್ದವರೂ ಮಹಾರಾಷ್ಟ್ರದ ಊರಿನವರೇ. ಅಲ್ಲಿಂದ ಮುಂದೆ ನಮ್ಮದಲ್ಲ ಎಂದು ಕೂಸಿಗೂ ಗೊತ್ತಿತ್ತು.

ಹಾಗಾಗಿ ಅಕ್ಕಾತಾಯಿಯನ್ನೂ ಬನ್ನಿಗಿಡದ ಬುಡಕ್ಕೆ ಕರೆದುಕೊಂಡು ಹೋದೆ. ಹೆಗಲಲ್ಲಿ ಹಲಗೆ ಇತ್ತು. ಕೈ ತಾನಾಗಿಯೇ ಮೂರು ಸಲ ಬಡಿಯಿತು. ಕಾಲು ತಾನಾಗಿಯೇ ತಿರುಗಿತು. ಹಿಂದೆ ನೋಡದೆ ಹಳ್ಳಕ್ಕೆ ಇಳಿದುಬಿಟ್ಟೆ.

"ಲೇ ಸತ್ಯಾ!" ಹಿಂದಿನಿಂದ ಕೂಗು. "ನಾ ಏನ ಬ್ಯಾನಿ ತಗೊಂಡ ಹೋಗೂ ದೇವರೇನೋ? ಹಿಂದ ತಿರುಗಿ ನೋಡಿ ಹೋಗೋ!"

ಇಮಾಮಸಾಬರಿಗೆ ನಗು, ನನಗೆ ಅಳು. ತಿರುಗಿ ನೋಡಿದೆ. ಗಂಟು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ತಿರುಗಿ ನೋಡಿದ್ದೇ ಒಳ್ಳೆಯದಾಯಿತು ಎಂದು ಆಮೇಲೆ ರುಕ್ಮವ್ವ ಹೇಳಿದಳು. ಹಾಗೆ ತಿರುಗಿ ನೋಡಿದರೆ ದೇವಿಯೇ ವಾಪಸು ಬರುತ್ತಾಳೆ, ಇನ್ನು ಅಕ್ಕಾತಾಯಿ ಬಾರದಿರುತ್ತಾಳೆಯೇ ಎಂಬುದು ಅವಳ ಮಾತು.

ಬನ್ನಿಗಿಡದ ಪಕ್ಕದಲ್ಲೇ ಅಕ್ಕಾತಾಯಿಯ ದೂರದ ತಂಗಿಯ ಹೊಲ. ಅದರಲ್ಲಿ ಪಂಪಿನ ಮನೆ. ಅದರಲ್ಲೇ ಇದ್ದಳು. ಅವಳಿಲ್ಲದೆ ಧರಣಿ ಮುರಿದು ಮತ್ತೆ ವಖಾರಿಗೆ ಹೋಗುತ್ತಿದ್ದ ಹೆಂಗಸರು ಸಂಜೆ ಹಳ್ಳ ದಾಟಿ ಹೋಗಿ ಅವಳ ಜೊತೆ ಕುಳಿತು ಮಾತಾಡಿ ಬರುತ್ತಿದ್ದರು. ರುಕ್ಮವ್ವ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದಳು. "ಅನ್ನ ಕೊಡಬಾರ್ದು ಅಂದೀ, ರೊಟ್ಟಿ ಅಂದಿಲ್ಲಲ್ಲ," ಎಂಬುದು ಅವಳ ವಾದ. ಫೌಜದಾರರು ವಾರಕ್ಕೊಮ್ಮೆ ಹಳ್ಳದ ಈಚೆ ಮೋಟಾರ್ ಸೈಕಲ್ ನಿಲ್ಲಿಸಿ, ಹಣೆಗೆ ಕೈ ಹಚ್ಚಿ ನೋಡುತ್ತಿದ್ದರು. ಆಚೆ ಬೇರೆ ರಾಜ್ಯ, ಹೋಗುವಂತಿಲ್ಲ. ಅಕ್ಕಾತಾಯಿ ಅಲ್ಲಿಂದಲೇ ಕೂಗುತ್ತಿದ್ದಳು: "ಬರ್ರಿ ಸಾಹೇಬ್ರ, ಚಹಾ ಕುಡದ ಹೋಗ್ರಿ!"

ಚುನಾವಣೆಯಲ್ಲಿ ಅವಳ ಜಾಗದಲ್ಲಿ ನಿಲ್ಲಲು ಯಾರಿಗೂ ಧೈರ್ಯ ಬರಲಿಲ್ಲ. ಆಳುವ ಪಕ್ಷದವರು ಅವಿರೋಧವಾಗಿ ಬಂದರು. ಆದೇಶ ಹೊರಡಿಸಿದ್ದ ಪ್ರಾಂತ ಸಾಹೇಬರಿಗೆ ವರ್ಗವಾಯಿತು. ಸುಶೀಲಾಳಿಗೆ ದಿನ ತುಂಬುತ್ತ ಬಂತು. ತಾಯಿಯಿಲ್ಲದ ತವರಿಗೆ ಬಂದಳು. ದಿನ ತುಂಬಿದ ಬಸುರಿ ಹಳ್ಳ ದಾಟಬಾರದು ಎಂಬ ನಂಬಿಕೆ. ಹೊಟ್ಟೆ ಹೊತ್ತು ಹಳ್ಳದ ದಂಡೆಗೆ ಬಂದು ನಿಲ್ಲುವಳು, ತಾಯಿ ಆಚೆ ದಂಡೆಯಿಂದ "ಮಜ್ಜಿಗಿ ಕುಡಿಯವ್ವ, ಭಾರ ಎತ್ತಬ್ಯಾಡ" ಎಂದು ಕೂಗುವಳು. ನಾನು ದಿನವೂ ಆ ದಾರಿಯಲ್ಲೇ ಓಡಾಡಬೇಕು. ಹಳ್ಳದಲ್ಲಿ ಮೊಣಕಾಲು ನೀರೂ ಇರಲಿಲ್ಲ.

ಆಗ ಏತ ನೀರಾವರಿಯ ಪೈಪು ಹಾಕಲು ಅಳತೆ ಮಾಡುವುದಕ್ಕೆ ಭೂಮಾಪಕರು ಬಂದರು. ಗಡಿಕಲ್ಲು ತೋರಿಸು ಅಂದರು. ಹಳ್ಳದಾಚೆ ಬನ್ನಿಗಿಡಕ್ಕೆ ಕರೆದುಕೊಂಡು ಹೋದೆ. ಅವರು ನಕಾಶೆ ಬಿಡಿಸಿ, ಸರಪಳಿ ಹಿಡಿಸಿ ಅಳೆಯುತ್ತ ಅಳೆಯುತ್ತ ಪಂಪಿನ ಮನೆ ದಾಟಿ, ಕಬ್ಬಿನ ಹೊಲ ದಾಟಿ, ದಿಬ್ಬ ಹತ್ತಿದರು. ಅಲ್ಲಿ ಮುಳ್ಳುಕಂಟಿಯೊಳಗೆ ಹುದುಗಿದ ಕಲ್ಲೊಂದು ಸಿಕ್ಕಿತು.

"ಇದಪಾ ಗಡಿ," ಅಂದರು.

"ಮತ್ತ ಬನ್ನಿಗಿಡ?"

"ಅದು ನಿಮ್ಮ ಊರೊಳಗೇ ಐತಿ. ಬೆಳಗಾವಿ ಜಿಲ್ಲಾ."

ನಾವು ತಲೆತಲಾಂತರದಿಂದ ದೇವಿಯನ್ನು ಊರೊಳಗೇ ಬಿಟ್ಟುಬರುತ್ತಿದ್ದೆವು! ದೇವಿಯ ಮಾತು ಇರಲಿ. ಅಕ್ಕಾತಾಯಿ ಆರೇಳು ತಿಂಗಳಿಂದ ಜಿಲ್ಲೆಯೊಳಗೇ ಇದ್ದಳು. ಆದೇಶ ಮುರಿದಂತೆ. ಜೈಲು. ಮಗಳ ಹೆರಿಗೆ ಇವತ್ತೋ ನಾಳೆಯೋ.

ಮಾತು ಸಂಜೆಯೊಳಗೆ ಫೌಜದಾರರಿಗೆ ಮುಟ್ಟಿತು. ಅವರು ಅವತ್ತು ಮೊದಲ ಸಲ ಹಳ್ಳ ದಾಟಿದರು. ಅಕ್ಕಾತಾಯಿಯನ್ನು ಹೊಸ ಪ್ರಾಂತ ಸಾಹೇಬರ ಮುಂದೆ ನಿಲ್ಲಿಸುವುದು, ಗಡಿ ತಪ್ಪು ತೋರಿಸಿದ ನನ್ನನ್ನು ಕೆಲಸದಿಂದ ತೆಗೆಯುವುದು ಎಂದು ವರದಿ ಹೋಯಿತು. ಇಮಾಮಸಾಬರು ಮಾತ್ರ, "ನಾನೂ ಕೂಡ ಇದ್ದೆ. ಅವನ ಹೆಸರ ಬರದ್ರ ನನ್ನ ಹೆಸರೂ ಬರೀರಿ," ಅಂದರು. ಅವರ ಋಣ ನನ್ನ ಮೇಲೆ ಇಂದಿಗೂ ಇದೆ.

ಚಿಕ್ಕೋಡಿಗೆ ಹೋದ ದಿನ ಸುಶೀಲಾಳೂ ಬಸ್ಸು ಹತ್ತಿಬಿಟ್ಟಳು. ಬೇಡವೆಂದರೆ ಕೇಳಲಿಲ್ಲ. ರುಕ್ಮವ್ವ ಅವಳ ಜೊತೆ. ಹೊಸ ಪ್ರಾಂತ ಸಾಹೇಬರು ಮೈಸೂರು ಕಡೆಯವರು, ವಯಸ್ಸು ಚಿಕ್ಕದು. ಮೊದಲು ನನ್ನನ್ನೇ ಕರೆದರು.

"ಗಡಿ ಅಲ್ಲಿದೆ ಅಂತ ನಿನಗೆ ಯಾರಯ್ಯಾ ಹೇಳಿದ್ದು?"

"ಯಾರೂ ಹೇಳಿಲ್ರಿ. ನಮ್ಮ ದೇವಿನ್ನೂ ಅಲ್ಲೇ ಬಿಡ್ತೀವ್ರಿ."

"ದೇವಿನ ಬಿಡೋ ಜಾಗ ಸರ್ಕಾರದ ಗಡಿ ಹೇಗಾಗುತ್ತಯ್ಯಾ?"

"ಸರ್ಕಾರಕ್ಕಿಂತ ಮೊದಲಿಂದ ಬಿಡ್ತೀವ್ರಿ," ಎಂಬ ಮಾತು ಬಾಯಿಂದ ಜಾರಿತು. ಕೆಲಸ ಹೋಯಿತು ಅಂದುಕೊಂಡೆ. ಸಾಹೇಬರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ಅಕ್ಕಾತಾಯಿಯ ಕಡೆ ತಿರುಗಿದರು.

"ನೀವು ಏನಮ್ಮ ಹೇಳ್ತೀರಿ?"

"ಸಾಹೇಬ್ರ, ನಂದ ಒಂದ ಕೇಳೂದೈತಿ. ನನ್ನ ಯಾಕ ಹೊರಗ ಹಾಕಿದ್ರಿ? ಆ ಕಾಗದ ಓದ್ರಿ."

ಸಾಹೇಬರು ಓದಿದರು. ಈ ಹೆಂಗಸು ಜಿಲ್ಲೆಯಲ್ಲಿ ಇದ್ದರೆ ಶಾಂತಿ ಭಂಗವಾಗಿ, ಜನರ ಜೀವಕ್ಕೂ ಸೊತ್ತಿಗೂ ಹಾನಿಯಾಗುವುದು ಖಂಡಿತ.

"ಆತಲ್ರಿ. ನಾ ಜಿಲ್ಲಾದಾಗ ಇದ್ರ ಬೆಂಕಿ ಬೀಳ್ತೈತಿ ಅಂತ ಬರದಾರ. ಈಗ ನೀವ ಹೇಳಾಕತ್ತೀರಿ, ಇಷ್ಟ ದಿನ ನಾ ಜಿಲ್ಲಾದಾಗ ಇದ್ದೆ ಅಂತ. ನಾನೂ ಹೂಂ ಅಂತೀನಿ. ಇದ್ದೆ. ದಿನಾ ಸಂಜೀಕ ಹೆಂಗಸ್ರು ಬಂದು ನನ್ನ ಕೂಡ ಕುಂಡ್ರತಿದ್ರು. ಈಗ ಈ ಫೌಜದಾರ ಸಾಹೇಬ್ರನ್ನ ಕೇಳ್ರಿ, ಎಲ್ಲರೆ ಒಂದ ಕಲ್ಲ ಬಿದ್ದೈತೇನು? ಎಲ್ಲೈತಿ ಬೆಂಕಿ? ಎಲ್ಲೈತಿ ಹೊಗಿ?"

ಸಾಹೇಬರು ಫೌಜದಾರರ ಮುಖ ನೋಡಿದರು.

"ಈ ಅವಧಿಯಲ್ಲಿ ನಿಮ್ಮ ಠಾಣೆಯಲ್ಲಿ ಇವರ ಸಂಬಂಧ ಏನಾದರೂ ನಡೆದಿದೆಯೇನ್ರೀ?"

ಫೌಜದಾರರು ಒಳ್ಳೆಯ ಮನುಷ್ಯ ಎಂದು ನನಗೆ ಅವತ್ತು ತಿಳಿಯಿತು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲ ಸರ್," ಅಂದರು. ಸ್ವಲ್ಪ ತಡೆದು, "ಚಹಾಕ್ಕ ಕರದಿದ್ರು," ಅಂದರು.

ಸಾಹೇಬರು ಬಹಳ ಹೊತ್ತು ಬರೆದರು. ಸುಶೀಲಾ ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದಳು. ಕೊನೆಗೆ ಓದಿ ಹೇಳಿದರು. ಸರ್ಕಾರದ ಸಿಬ್ಬಂದಿ ಎಲ್ಲಿ ಬಿಟ್ಟರೋ ಅಲ್ಲೇ ಇದ್ದಳು. ಹಾಗಾಗಿ ಆದೇಶ ಮುರಿದಿಲ್ಲ. ಅವಳು ಜಿಲ್ಲೆಯಲ್ಲಿದ್ದರೆ ಆಗುತ್ತದೆ ಎಂದು ಹೇಳಿದ ಯಾವ ಹಾನಿಯೂ ಅವಳು ಇದ್ದಾಗ ಆಗಿಲ್ಲ. ಹಾಗಾಗಿ ಉಳಿದ ಅವಧಿಯ ಗಡೀಪಾರು ರದ್ದು. ವಾಲೀಕಾರನಿಗೆ ತಾಕೀತು. ಅಷ್ಟೇ. ತಾಕೀತು! ಜಹಗೀರು ಸಿಕ್ಕಷ್ಟು ಸಂತೋಷವಾಯಿತು. ಆ ಸಾಹೇಬರು ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ. ಅವರಂಥವರು ಕುರ್ಚಿಯಲ್ಲಿ ಇಲ್ಲದಿದ್ದರೆ ಅಕ್ಕಾತಾಯಿಯ ಮಾತು ಗೋಡೆಗೆ ಬಡಿದು ಬೀಳುತ್ತಿತ್ತು. ಅಂಥ ಗೋಡೆಗಳನ್ನೂ ನಾನು ಕಂಡಿದ್ದೇನೆ.

ಎರಡು ದಿನಕ್ಕೆ ಸುಶೀಲಾಳಿಗೆ ಹೆಣ್ಣುಕೂಸು. ನಿಪ್ಪಾಣಿಯ ಸರ್ಕಾರಿ ದವಾಖಾನೆಯಲ್ಲಿ ಕೂಸನ್ನು ಮೊದಲು ಎತ್ತಿಕೊಂಡವಳು ಅಕ್ಕಾತಾಯಿ. ತೊಟ್ಟಿಲು ಹಾಕುವ ದಿನ ನಮ್ಮ ಮನೆಯ ಆರು ಮಂದಿಯೂ ಹೋಗಿದ್ದೆವು. ನಿಷೇಧಾಜ್ಞೆ ಇರಲಿಲ್ಲ.

ಆದರೆ ತೊಟ್ಟಿಲ ಹಗ್ಗ ತೂಗುತ್ತಲೇ ಅಕ್ಕಾತಾಯಿ ನನ್ನನ್ನು ಹಿಡಿದಳು.

"ಸತ್ಯಪ್ಪಾ, ನನ್ನ ಹೊರಗ ಹಾಕಿದ್ದು ಊರ ತುಂಬ ಸಾರಿದಿ. ಒಳಗ ಬಂದದ್ದು ಯಾವಾಗ ಸಾರ್ತಿ?"

ನಿಜವಲ್ಲವೇ? ಮರುದಿನವೇ ಕಚೇರಿಗೆ ಹೋಗಿ ಕೇಳಿದೆ. ಗುಮಾಸ್ತರು ನಕ್ಕರು. "ರದ್ದಾದದ್ದಕ್ಕ ಡಂಗುರ ಇಲ್ಲಪಾ. ಅದು ಫೈಲಿಗೆ ಹೋಗ್ತೈತಿ." ಸರ್ಕಾರದ ಹುಕುಮಿಲ್ಲದೆ ಹಲಗೆ ಬಾರಿಸುವಂತಿಲ್ಲ, ಅದಾಗಲೇ ನನ್ನ ತಲೆಯ ಮೇಲೆ ತಾಕೀತು ಇತ್ತು. ಹಾಗಾಗಿ ಸುಮ್ಮನಾದೆ. ಅವಳು ಸುಮ್ಮನಾಗಲಿಲ್ಲ. ಮುಂದಿನ ಚುನಾವಣೆಯಲ್ಲಿ ಗೆದ್ದಳು, ವಖಾರಿಗೆ ನೀರು ತರಿಸಿದಳು, ಸಂಡಾಸು ಕಟ್ಟಿಸಿದಳು, ವಯಸ್ಸಾಯಿತು, ದಮ್ಮು ಹತ್ತಿತು. ಆದರೂ ನಾನು ಕಂಡಾಗಲೆಲ್ಲ, "ನಾ ಇನ್ನೂ ಊರ ಹೊರಗೇ ಅದೀನಲ್ಲೋ, ಡಂಗುರ ಹೊಡದಿಲ್ಲ ನೀ," ಎಂದು ಚುಚ್ಚುತ್ತಿದ್ದಳು.

ಈಗ ಎಲ್ಲ ಬದಲಾಗಿದೆ. ಡಂಗುರ ಹೋಗಿ ಆಟೋದಲ್ಲಿ ಸ್ಪೀಕರು ಬಂತು. ಈಗ ಅದೂ ಹೋಗಿ ಮೊಬೈಲಿನಲ್ಲಿ ಆಜ್ಞೆ ಬರುತ್ತದೆ. ಗುಂಪು ಕೂಡಿಸಬೇಡಿ ಎಂಬುದು ಗುಂಪಿಗೇ ಬರುತ್ತದೆ, ಅದೂ ನನ್ನ ಹಲಗೆಯ ಹಾಗೆಯೇ. ನಿಷೇಧಾಜ್ಞೆಯ ಕಲಮು ನೂರಾ ನಲವತ್ನಾಲ್ಕು ಹೋಗಿ ನೂರಾ ಅರವತ್ಮೂರು ಆಗಿದೆಯಂತೆ. ಪ್ರಜ್ಞಾ ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಕೇಳಿದೆ. "ಶಾಂತಿ ಭಂಗ" ಎಂಬ ಸಾಲು ಮಾತ್ರ ಹಾಗೇ ಇದೆ.

ಮಗಳೇ, ನೀನು ತಲಾಠಿಯಾದ ಮೇಲೆ ಒಂದು ದಿನ ನಿನ್ನನ್ನೂ ಕೇಳುತ್ತಾರೆ. ಇಂಥವರಿಂದ ಊರಿನ ಶಾಂತಿಗೆ ಹಾನಿ ಎಂದು ವರದಿ ಬರೆದುಕೊಡಿ ಅನ್ನುತ್ತಾರೆ. ಕಲ್ಲು ಕಂಡಿದ್ದರೆ ಬರೆ. ಕಾಣದಿದ್ದರೆ ಕಂಡಿಲ್ಲ ಎಂದೇ ಬರೆ. ಆ ಫೌಜದಾರರು "ಇಲ್ಲ ಸರ್" ಅಂದರಲ್ಲ, ಅಷ್ಟೇ. ಅದಕ್ಕೆ ಹೆಚ್ಚು ಓದು ಬೇಕಿಲ್ಲ. ಮತ್ತೆ, ಗಡಿ ಎಲ್ಲಿದೆ ಎಂದು ನಿನ್ನ ವಾಲೀಕಾರ ತೋರಿಸಿದರೆ ನಂಬಬೇಡ, ನಕಾಶೆ ನೋಡು.

ಇನ್ನು ಹೋದ ವಾರದ ಮಾತು. ಆದೇಶ ಬಂದ ದಿನ ಪೇಢೆ ಹಂಚಿ, ಊಟ ಮಾಡಿಸಿ, ಓಣಿಯ ಬುದ್ಧವಿಹಾರದಲ್ಲಿ ಮೇಣದ ಬತ್ತಿ ಹಚ್ಚಿ ಬಂದರೂ ನನ್ನ ಮನಸ್ಸು ತುಂಬಲಿಲ್ಲ. ಗೋಡೆಯ ಮೇಲಿನ ಹಲಗೆ ಇಳಿಸಿದೆ. ಧೂಳು ಒರೆಸಿ, ಒಲೆಯ ಮುಂದೆ ಹಿಡಿದು ಕಾಯಿಸಿದೆ.

"ಏನ್ ಹುಚ್ಚ ಹಿಡದೈತಿ?" ಅಂದಳು ರುಕ್ಮವ್ವ. "ರಿಟೈರ್ ಆಗೀ. ಯಾರ ಹುಕುಂ ಐತಿ ನಿನಗ?"

"ನಂದ."

ಊರ ನಡುವೆ ನಿಂತು, ನೌಕರಿಯಲ್ಲಿದ್ದಾಗ ಎಂದೂ ಬಾರಿಸದಷ್ಟು ಜೋರಾಗಿ ಬಾರಿಸಿದೆ. "ಕೇಳ್ರಪ್ಪೋ ಕೇಳ್ರಿ! ವಾಲೀಕಾರ ಸತ್ಯಪ್ಪನ ಮೊಮ್ಮಗಳು ಪ್ರಜ್ಞಾ ತಲಾಠಿ ಆಗ್ಯಾಳ!" ಆಮೇಲೆ ಮರಾಠಿಯಲ್ಲಿ. ಓಣಿ ಓಣಿಯಲ್ಲೂ ಹೇಳಿದೆ. ಹುಡುಗರು ಮೊಬೈಲ್ ಹಿಡಿದುಕೊಂಡು ಹಿಂದೆ ಬಂದರು, ಪ್ರಜ್ಞಾ ನಾಚಿಕೊಂಡು ದೂರದಿಂದ ಬಂದಳು. ಹೀಗೆ ಸಾರುತ್ತ ಅಕ್ಕಾತಾಯಿಯ ಮನೆಯ ಮುಂದೆ ಬಂದೆ. ಕಟ್ಟೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಮಗ್ಗುಲಲ್ಲಿ ಅಂದಿನ ಆ ಕೂಸು. ಈಗ ತನ್ನದೇ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಾಳೆ. ಪ್ರಜ್ಞಾ ಹೋಗಿ ಅಕ್ಕಾತಾಯಿಯ ಕಾಲು ಮುಟ್ಟಿದಳು.

"ಚಲೋ ಆತವ್ವ. ಗಡಿ ನೋಡ್ಕೊಂಡ ಕೆಲಸ ಮಾಡು. ನಿಮ್ಮಜ್ಜನಂಗ ಮಾಡಬ್ಯಾಡ," ಅಂದಳು ಕೆಮ್ಮುತ್ತ. ಆಮೇಲೆ ನನ್ನ ಕಡೆ ನೋಡಿದಳು. ಈ ಸಲ ಡಂಗುರ ಯಾವಾಗ ಎಂದು ಕೇಳಲೇ ಇಲ್ಲ. ಕೇಳದಿದ್ದುದೇ ನನಗೆ ತಡೆಯಲಾಗಲಿಲ್ಲ.

ಹಲಗೆ ಮೇಲೆತ್ತಿದೆ.

"ಕೇಳ್ರಪ್ಪೋ ಕೇಳ್ರಿ! ಗಡೀಪಾರ ಆಗಿದ್ದ ಅಕ್ಕಾತಾಯಿ ಊರಿಗೆ ಬಂದಾಳ! ಆಕೀಗಿ ಯಾರ ಬೇಕಾದ್ರೂ ಆಸರ ಕೊಡಬಹುದು! ಅನ್ನ ಕೊಡಬಹುದು, ನೀರ ಕೊಡಬಹುದು, ರೊಟ್ಟೀನೂ ಕೊಡಬಹುದು! ಆಕಿ ಕೂಡ ಐದ್ ಮಂದಿ ಕುಂಡ್ರಬಹುದು, ಐನೂರ ಮಂದಿ ಕುಂಡ್ರಬಹುದು!"

ಜನ ಚಪ್ಪಾಳೆ ತಟ್ಟಿದರು. ರುಕ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹಲಗೆ ಕೆಳಗಿಳಿಸಿ ಕಟ್ಟೆಯ ಮೇಲೆ ಕೂಡ್ರಲು ಹೋದೆ. ಅಕ್ಕಾತಾಯಿ ಕೈ ಅಡ್ಡ ಹಿಡಿದಳು.

"ಮರಾಠಿಯಾಗ ಯಾರ ಹೇಳಬೇಕೋ?"

ಮತ್ತೆ ಎದ್ದು ನಿಂತೆ.

"ಐಕಾ ಹೋ ಐಕಾ!"